ಆಕಾಶದಿಂದ ಬಂದ ಅಪರಿಚಿತ: ಬೆರಗಿನ ವಿಜ್ಞಾನ ಕತೆಗಳು ನಮಗೇಕೆ ಬೇಕು?

ಅನ್ಯಗ್ರಹದವರು ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2003ರ ‘ಕೋಯಿ ಮಿಲ್ ಗಯಾ’ ಚಿತ್ರದ ಜಾದೂ. ನೀಲಿ ಮೈ, ದೊಡ್ಡ ಕಣ್ಣು, ಬಿಸಿಲು ಬಿದ್ದರೆ ಶಕ್ತಿ. ಮಕ್ಕಳಿಗೆ ಇಷ್ಟ, ನನಗೂ ಇಷ್ಟ. ಇನ್ನೊಂದು ಬಗೆ ಹಾಲಿವುಡ್ಡಿನದು. 1996ರ ‘ಇಂಡಿಪೆಂಡೆನ್ಸ್ ಡೇ’ಯಲ್ಲಿ ಭಾರೀ ನೌಕೆಗಳು ಬರುತ್ತವೆ, ಶ್ವೇತಭವನ ಪುಡಿಪುಡಿಯಾಗುತ್ತದೆ, ಕೊನೆಗೆ ಮನುಷ್ಯರೇ ಗೆಲ್ಲುತ್ತಾರೆ. ಒಂದರಲ್ಲಿ ಬಂದವನು ಗೆಳೆಯ, ಇನ್ನೊಂದರಲ್ಲಿ ಶತ್ರು. ಸ್ವಲ್ಪ ಯೋಚಿಸಿ ನೋಡಿ, ಎರಡರಲ್ಲೂ ಬಂದವನು ನಮಗೆ ಮೊದಲೇ ಗೊತ್ತಿರುವವನೇ. ಜಾದೂ ಒಬ್ಬ ಮುದ್ದು ಹುಡುಗ. ಆ ನೌಕೆಯವರು ದಂಡೆತ್ತಿ ಬಂದ ಯಾವುದೋ ಸೈನ್ಯ. ವೇಷ ಮಾತ್ರ ಹೊಸದು.

ಮೂರನೆಯ ಬಗೆಯೊಂದಿದೆ. ಅದರಲ್ಲಿ ಬಂದವರು ಯಾರು, ಯಾಕೆ ಬಂದರು ಅಂತ ಕತೆಯ ಕೊನೆಯವರೆಗೂ ಪೂರ್ತಿ ಗೊತ್ತಾಗುವುದಿಲ್ಲ. ಬರೆಯುವವರು ಭೌತವಿಜ್ಞಾನದ ನಿಯಮಗಳನ್ನು ಆದಷ್ಟು ಮುರಿಯುವುದಿಲ್ಲ, ದೂರವನ್ನು ದೂರವಾಗಿಯೇ ಇಡುತ್ತಾರೆ. ಇವನ್ನು ‘ಮೊದಲ ಭೇಟಿಯ ಕತೆಗಳು’ ಅನ್ನೋಣ. ಓದಿ ಮುಗಿಸಿದ ಮೇಲೆ ನಿಮಗೆ ಭಯವೂ ಆಗುವುದಿಲ್ಲ, ನಗುವೂ ಬರುವುದಿಲ್ಲ. ಟೆರೇಸಿಗೆ ಹೋಗಿ ಸುಮ್ಮನೆ ಮೇಲೆ ನೋಡಬೇಕು ಅನಿಸುತ್ತದೆ. ಆ ಅನುಭವಕ್ಕೆ ಕನ್ನಡದಲ್ಲಿ ‘ಬೆರಗು’ ಅಂತೀವಿ, ಉರ್ದುವಿನಲ್ಲಿ ‘ಹೈರತ್’. ಫರೀದುದ್ದೀನ್ ಅತ್ತಾರ್ ಹಕ್ಕಿಗಳ ಪಯಣದ ಕಾವ್ಯ ಬರೆದಾಗ ಏಳು ಕಣಿವೆಗಳಲ್ಲಿ ಆರನೆಯದಕ್ಕೆ ಇದೇ ಹೆಸರು ಕೊಟ್ಟ. ಅಂದರೆ ಇದು ದಾರಿಯ ಶುರುವಿನಲ್ಲಿ ಸಿಗುವ ಸುಲಭದ ಸಂತೋಷವಲ್ಲ, ಬಹಳ ದೂರ ನಡೆದವರಿಗೆ ಸಿಗುವಂಥದ್ದು.

ಈ ಲೇಖನದಲ್ಲಿ ನಾನು ಹೇಳಹೊರಟಿದ್ದು ಇಷ್ಟೇ: ಈ ಕತೆಗಳಲ್ಲಿ ಬೆರಗು ಹುಟ್ಟುವುದು ಲೆಕ್ಕದಿಂದ. ಆ ಲೆಕ್ಕದ ಶಿಸ್ತು ನಮಗೆ ಅಪರಿಚಿತರನ್ನು ನೋಡುವ ಒಂದು ರೀತಿಯನ್ನು ಕಲಿಸುತ್ತದೆ.

ರಾಮ ಬಂದು ಹೋದ ಕತೆ

ಆರ್ಥರ್ ಸಿ. ಕ್ಲಾರ್ಕ್ ಇಂಗ್ಲೆಂಡಿನವರು, ಬದುಕಿದ್ದು ಹೆಚ್ಚಾಗಿ ಶ್ರೀಲಂಕಾದಲ್ಲಿ. 1973ರಲ್ಲಿ ಅವರ ‘ರಾಂಡೆವೂ ವಿತ್ ರಾಮ’ ಬಂತು. ಇಪ್ಪತ್ತೆರಡನೆಯ ಶತಮಾನದಲ್ಲಿ ಸೌರಮಂಡಲದ ಹೊರಗಿನಿಂದ ಒಂದು ವಸ್ತು ಬರುತ್ತಿರುವುದು ಕಾಣುತ್ತದೆ. ಗ್ರೀಕ್, ರೋಮನ್ ದೇವತೆಗಳ ಹೆಸರೆಲ್ಲ ಖರ್ಚಾಗಿ ಹೋಗಿರುವುದರಿಂದ ಖಗೋಳಜ್ಞರು ಅದಕ್ಕೆ ರಾಮ ಅಂತ ಹೆಸರಿಡುತ್ತಾರೆ. ಹತ್ತಿರ ಹೋಗಿ ನೋಡಿದರೆ ಅದು ಕಲ್ಲಲ್ಲ, ಯಾರೋ ಕಟ್ಟಿದ ಸಿಲಿಂಡರ್. ಉದ್ದ 50 ಕಿಲೋಮೀಟರ್. ಮುಂಬೈಯವರಿಗೆ ಹೇಳುವುದಾದರೆ ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ದಾರಿಗಿಂತ ಹತ್ತು ಕಿಲೋಮೀಟರ್ ಕಡಿಮೆ. ಅಷ್ಟು ದೊಡ್ಡದು ನಾಲ್ಕು ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತಿದೆ.

ಇಲ್ಲಿ ಶುರುವಾಗುತ್ತದೆ ಮಜಾ. ನೀರು ತುಂಬಿದ ಬಕೆಟ್ಟನ್ನು ಕೈ ಎತ್ತಿ ಜೋರಾಗಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ಅಲ್ವಾ? ಅದೇ ರೀತಿ ತಿರುಗುವ ಸಿಲಿಂಡರಿನ ಒಳಗೋಡೆಗೆ ಎಲ್ಲವೂ ಅಂಟಿಕೊಂಡಂತೆ ನಿಲ್ಲುತ್ತದೆ. ಒಳಗಿನ ವ್ಯಾಸ 16 ಕಿಲೋಮೀಟರ್, ತಿರುಗಲು ನಾಲ್ಕು ನಿಮಿಷ. ಹೈಸ್ಕೂಲು ಮುಗಿಸಿದ ವಿದ್ಯಾರ್ಥಿ ಕಾಗದದ ಮೇಲೆ ಲೆಕ್ಕ ಹಾಕಬಹುದು: ಅಲ್ಲಿನ ತೂಕ ಭೂಮಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಹಾಗಾದರೆ ಒಳಗೆ ನಿಂತವನ ತಲೆಯ ಮೇಲೆ ಆಕಾಶವಿಲ್ಲ, ಇನ್ನೊಂದು ನೆಲ ತಲೆಕೆಳಗಾಗಿ ಹರಡಿದೆ. ನಡುವೆ ಉಂಗುರದಂತೆ ಸುತ್ತಿಕೊಂಡ ಒಂದು ಸಮುದ್ರ, ಮಂಜುಗಟ್ಟಿ ನಿಂತಿದೆ. ರಾಮ ಸೂರ್ಯನ ಹತ್ತಿರ ಬಂದಂತೆ ಶಾಖ ಹೊರಗೋಡೆಯಿಂದ ಒಳಗೆ ಇಳಿಯುತ್ತದೆ, ಹಾಗಾಗಿ ಆ ಸಮುದ್ರ ಕರಗುವುದು ಕೆಳಗಿನಿಂದ ಮೇಲಕ್ಕೆ. ಒಳಗಿನ ಗಾಳಿ ಕಾಯುತ್ತದೆ, ಬಿರುಗಾಳಿ ಏಳಬಹುದು ಅಂತ ವಿಜ್ಞಾನಿಗಳು ಮೊದಲೇ ಎಚ್ಚರಿಸುತ್ತಾರೆ. ಕ್ಲಾರ್ಕ್ ಇದನ್ನೆಲ್ಲ ಮಂತ್ರ ಹಾಕಿ ಕರೆಸಿದ್ದಲ್ಲ. ಒಂದು ಸಿಲಿಂಡರ್, ಒಂದು ತಿರುಗುವಿಕೆ, ಒಬ್ಬ ಸೂರ್ಯ, ಇಷ್ಟನ್ನು ಇಟ್ಟು ಮುಂದೆ ಏನಾಗಲೇಬೇಕೋ ಅದನ್ನು ಬರೆದರು.

ರಾಮವನ್ನು ಕಟ್ಟಿದವರು ಕೊನೆಗೂ ಕಾಣಿಸುವುದಿಲ್ಲ. ಅದು ಸೂರ್ಯನ ಹತ್ತಿರ ಹೋಗಿ ತನಗೆ ಬೇಕಾದ ಶಕ್ತಿ ತುಂಬಿಕೊಂಡು ತನ್ನ ದಾರಿ ಹಿಡಿಯುತ್ತದೆ. ನಾವು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಹೋಗುತ್ತೇವಲ್ಲ, ಹಾಗೆ. ಭೂಮಿಯ ಜನ ಇಷ್ಟು ದಿನ ‘ನಮ್ಮನ್ನು ನೋಡಲು ಬಂದರು’ ಅಂದುಕೊಂಡಿದ್ದರು, ಅವರಿಗೆ ನಮ್ಮ ಕಡೆ ಗಮನವೇ ಇರಲಿಲ್ಲ. ಈ ಅವಮಾನದಂಥ ಕೊನೆಯೇ ಕಾದಂಬರಿಯ ಅತಿ ದೊಡ್ಡ ಬೆರಗು. ಜಗತ್ತು ನಮ್ಮ ಸುತ್ತ ತಿರುಗುತ್ತಿಲ್ಲ ಅಂತ ಪಾಠಪುಸ್ತಕದಲ್ಲಿ ಓದುವುದೇ ಬೇರೆ, ಕತೆಯ ಒಳಗೆ ನಿಂತು ಅನುಭವಿಸುವುದೇ ಬೇರೆ.

ಅದಾಗಿ 44 ವರ್ಷಕ್ಕೆ, 2017ರ ಅಕ್ಟೋಬರಿನಲ್ಲಿ, ಹವಾಯಿಯ ದೂರದರ್ಶಕವೊಂದು ನಿಜವಾಗಿಯೂ ಸೌರಮಂಡಲದ ಹೊರಗಿನಿಂದ ಬಂದ ಮೊದಲ ವಸ್ತುವನ್ನು ಹಿಡಿಯಿತು. ಅದರ ಹೆಸರು ಔಮುವಾಮುವಾ, ಹವಾಯಿ ಭಾಷೆಯಲ್ಲಿ ದೂರದಿಂದ ಮೊದಲಾಗಿ ಬಂದ ದೂತ ಅನ್ನುವ ಅರ್ಥ. ಅದನ್ನು ಯಾರೂ ಕಟ್ಟಿರಲಿಲ್ಲ, ಪ್ರಕೃತಿಯದೇ ತುಣುಕು ಅಂತ ಬಹುತೇಕ ಖಗೋಳಜ್ಞರ ಅಭಿಪ್ರಾಯ. 2019ರಲ್ಲಿ ಎರಡನೆಯದು, 2025ರ ಜುಲೈನಲ್ಲಿ ಮೂರನೆಯದು ಸಿಕ್ಕಿತು. ರಾಮದ ಕತೆ ಓದಿದ್ದವರು ಆ ಸುದ್ದಿಗಳನ್ನು ಬೇರೆಯೇ ಕಿವಿಯಿಂದ ಕೇಳಿರುತ್ತಾರೆ.

‘ಹೇಗಿದ್ದೀರಿ?’ ಅಂದರೆ ಉತ್ತರಕ್ಕೆ ಐವತ್ತು ವರ್ಷ

ವಿಜ್ಞಾನ ಬಂದರೆ ಕಲ್ಪನೆ ಸಾಯುತ್ತದೆ ಅನ್ನುವವರಿದ್ದಾರೆ. ಅವರಿಗೆ ಒಂದೇ ಒಂದು ಲೆಕ್ಕ ತೋರಿಸಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಚಂದ್ರನಿಂದ ನಮಗೆ ಒಂದೂಕಾಲು ಸೆಕೆಂಡು, ಸೂರ್ಯನಿಂದ ಎಂಟು ನಿಮಿಷ. ಅಭಿಜಿತ್ ನಕ್ಷತ್ರದಿಂದ 25 ವರ್ಷ. ಅಲ್ಲಿಗೆ ರೇಡಿಯೋದಲ್ಲಿ ‘ಹೇಗಿದ್ದೀರಿ?’ ಅಂತ ಕೇಳಿದರೆ, ಅವರು ತಕ್ಷಣ ಉತ್ತರಿಸಿದರೂ ಅದು ನಮ್ಮ ಕೈ ಸೇರುವುದು 50 ವರ್ಷದ ಮೇಲೆ. ಕೇಳಿದವಳು ಟೀಚರಾಗಿದ್ದರೆ, ಉತ್ತರ ಓದುವವಳು ಅವಳ ವಿದ್ಯಾರ್ಥಿನಿಯ ಮಗಳು.

ಈ ಅಭಿಜಿತ್ ನಕ್ಷತ್ರಕ್ಕೆ ಇಂಗ್ಲಿಷಿನಲ್ಲಿ ವೇಗಾ ಅಂತಾರೆ. ಕೇಳಿದರೆ ಸಂಸ್ಕೃತದ ‘ವೇಗ’ ಅನಿಸುತ್ತದೆ, ಆದರೆ ಮೂಲ ಅರಬ್ಬಿ. ಅರಬರು ಅದನ್ನು ‘ಅನ್-ನಸ್ರ್ ಅಲ್-ವಾಖಿ’ ಎಂದು ಕರೆದರು, ರೆಕ್ಕೆ ಮಡಚಿ ಕೆಳಗಿಳಿಯುವ ಹದ್ದು. ಆ ‘ವಾಖಿ’ ಯುರೋಪಿಗೆ ಹೋಗಿ ‘ವೇಗಾ’ ಆಯಿತು. ನಾವು ರೋಹಿಣಿ ಅನ್ನುವುದು ಅವರ ಅಲ್-ದಬರಾನ್, ಇವತ್ತಿನ ಅಲ್ಡೆಬರಾನ್. ನಕ್ಷತ್ರ ಒಂದೇ, ನೋಡಿದ ಊರುಗಳು ಬೇರೆ.

ಕಾರ್ಲ್ ಸೇಗನ್ 1985ರಲ್ಲಿ ಬರೆದ ‘ಕಾಂಟ್ಯಾಕ್ಟ್’ ಕಾದಂಬರಿಯಲ್ಲಿ ಸಂದೇಶ ಬರುವುದು ಇದೇ ವೇಗಾದಿಂದ. 1997ರಲ್ಲಿ ಅದು ಜೋಡಿ ಫಾಸ್ಟರ್ ನಟಿಸಿದ ಸಿನಿಮಾ ಕೂಡ ಆಯಿತು. ಮೊದಲು ಕೇಳಿಸುವುದು ಅವಿಭಾಜ್ಯ ಸಂಖ್ಯೆಗಳು: 2, 3, 5, 7, 11... ಯಾಕೆ ಅವೇ? ಗಾಳಿ, ಗುಡುಗು, ನಕ್ಷತ್ರ ಯಾವುದೂ ಆ ಕ್ರಮದಲ್ಲಿ ತಾನಾಗಿ ಸದ್ದು ಮಾಡುವುದು ನಮಗೆ ಗೊತ್ತಿಲ್ಲ. ‘ಇಲ್ಲಿ ಎಣಿಸಬಲ್ಲವರು ಯಾರೋ ಇದ್ದಾರೆ’ ಅಂತ ಹೇಳಲು ಅದಕ್ಕಿಂತ ಚಿಕ್ಕ ವಾಕ್ಯ ಸಿಗುವುದಿಲ್ಲ.

ಅದರ ಒಳಗೆ ಅಡಗಿದ್ದ ಚಿತ್ರ ಬಿಡಿಸಿದಾಗ ಎಲ್ಲರೂ ಬೆಚ್ಚುತ್ತಾರೆ. ಪರದೆಯ ಮೇಲೆ ಹಿಟ್ಲರ್! 1936ರ ಬರ್ಲಿನ್ ಒಲಿಂಪಿಕ್ಸ್ ಉದ್ಘಾಟನೆಯ ಟಿ.ವಿ. ಪ್ರಸಾರ. ಅದು ಆಕಾಶಕ್ಕೆ ಸೋರಿ ವೇಗಾ ತಲುಪಿತ್ತು, ‘ನಿಮ್ಮದು ಮುಟ್ಟಿತು’ ಅನ್ನುವ ಗುರುತಿಗೆ ಅವರು ಅದನ್ನೇ ವಾಪಸ್ ಕಳಿಸಿದ್ದರು. ಅವರಿಗೆ ಆ ಮನುಷ್ಯ ಯಾರು ಅಂತ ಏನು ಗೊತ್ತು? ಇಲ್ಲಿ ನೋಡಿ, ಲೆಕ್ಕ (ದೂರ, ವೇಗ, ವರ್ಷ) ಕರಾರುವಾಕ್ಕಾಗಿ ಕೂತಿರುವುದರಿಂದಲೇ ಚುಚ್ಚುವ ಪ್ರಶ್ನೆ ಏಳುತ್ತದೆ: ನಮ್ಮ ಬಗ್ಗೆ ಮೊದಲು ತಲುಪುವ ಸುದ್ದಿಯನ್ನು ನಾವು ಆರಿಸಿಕೊಂಡಿರುತ್ತೇವಾ?

ಮಹಾನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಆಕಾಶದ್ದು ಅನಿಸುವುದಿಲ್ಲ. ಫೋನಿನಲ್ಲಿ ಎಲ್ಲ ಮಾತು ಮುಗಿದಿರುತ್ತದೆ, ಡಿಪಾಸಿಟ್ಟೂ ಒಪ್ಪಿಗೆಯಾಗಿರುತ್ತದೆ. ಕೊನೆಗೆ ಹೆಸರು ಕೇಳುತ್ತಾರೆ. ಹೆಸರು ಹೇಳಿದ ಮೇಲೆ ಆ ಕಡೆ ಒಂದು ಚಿಕ್ಕ ಮೌನ. ಆಮೇಲೆ ‘ಮನೆಯವರನ್ನು ಕೇಳಿ ಹೇಳ್ತೀವಿ’. ನಮಗಿಂತ ಮೊದಲು ಅಲ್ಲಿಗೆ ಏನೋ ತಲುಪಿಬಿಟ್ಟಿದೆ, ಅದನ್ನು ಕಳಿಸಿದ್ದು ನಾವಲ್ಲ.

ಇದೇ ಕಾದಂಬರಿಯಿಂದ ವಿಜ್ಞಾನಕ್ಕೂ ಒಂದು ಕೊಡುಗೆ ಸಂದಿದೆ. ನಾಯಕಿ ಅಷ್ಟು ದೂರ ಬೇಗ ಹೋಗುವುದು ಹೇಗೆ ಅಂತ ಸೇಗನ್ ತಮ್ಮ ಗೆಳೆಯ, ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದರು. ಥಾರ್ನ್ ಕಪ್ಪುಕುಳಿ ಬೇಡ, ‘ವರ್ಮ್‌ಹೋಲ್’ ಇಡಿ ಅಂದರು. ಆಮೇಲೆ ತಾವೇ ಅದರ ಬೆನ್ನು ಹತ್ತಿ 1988ರಲ್ಲಿ ಮೈಕೆಲ್ ಮಾರಿಸ್ ಜೊತೆ ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಇದು ಸಾಪೇಕ್ಷತಾ ಸಿದ್ಧಾಂತವನ್ನು ಕಲಿಸಲು ಒಂದು ಸಾಧನ ಅಂತಿದೆ. ಕತೆಗಾರನ ಪ್ರಶ್ನೆ ಪಾಠದ ಉಪಕರಣವಾಯಿತು. ಟೀಚರಾದವರಿಗೆ ಇದಕ್ಕಿಂತ ಸಂತೋಷ ಏನಿದೆ?

ಭಾಷೆ ಇಲ್ಲದವರಿಗೆ ಪಾಠ ಹೇಗೆ ಮಾಡುವುದು?

ಬಿ.ಎಡ್. ಓದಿದವರಿಗೆಲ್ಲ ಬಾಯಿಪಾಠವಾದ ಒಂದು ಸೂತ್ರವಿದೆ: ‘ತಿಳಿದದ್ದರಿಂದ ತಿಳಿಯದ ಕಡೆಗೆ’. ಹೊಸ ಪಾಠವನ್ನು ಮಗುವಿನ ಪೂರ್ವಜ್ಞಾನದಿಂದ ಶುರುಮಾಡಬೇಕು. ಸರಿ, ಎದುರಿಗಿರುವವರ ಪೂರ್ವಜ್ಞಾನವೇ ಗೊತ್ತಿಲ್ಲದಿದ್ದರೆ?

ಇದಕ್ಕೆ ಮನುಷ್ಯರು ನಿಜವಾಗಿಯೂ ಉತ್ತರ ಹುಡುಕಿದ್ದಾರೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ಧ್ವನಿಮುದ್ರಿಕೆ ಇದೆ. ಅದರಲ್ಲಿ ಏನಿರಬೇಕು ಅಂತ ಆರಿಸಿದ ಸಮಿತಿಯ ಅಧ್ಯಕ್ಷರು ಇದೇ ಸೇಗನ್. ಮುದ್ರಿಕೆಯ ಮುಚ್ಚಳದ ಮೇಲೆ ಅದನ್ನು ನುಡಿಸುವ ವಿಧಾನ ಚಿತ್ರದಲ್ಲಿದೆ. ಯಾವ ವೇಗದಲ್ಲಿ ತಿರುಗಿಸಬೇಕು? ‘ನಿಮಿಷ’ ಅಂದರೆ ಅವರಿಗೆ ಅರ್ಥವಾಗುವುದಿಲ್ಲ, ಅದು ನಮ್ಮ ಗಡಿಯಾರದ ಮಾತು. ಹಾಗಾಗಿ ಕಾಲವನ್ನು ಅಳೆಯಲು ಹೈಡ್ರೋಜನ್ ಪರಮಾಣುವಿನೊಳಗಿನ ಒಂದು ಬದಲಾವಣೆಯನ್ನು ಬಳಸಿದರು. ಹೈಡ್ರೋಜನ್ ಅಲ್ಲೂ ಅದೇ, ಇಲ್ಲೂ ಅದೇ. ಇದೇ ಆ ‘ತಿಳಿದದ್ದು’.

ಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಮರಾಠಿ, ತೆಲುಗು ಕೂಡ ಇವೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಕೂಡ ಅಲ್ಲೇ ಇದೆ. ಕನ್ನಡದ ದನಿ ಕನ್ನಡಿಗರ ಪರವಾಗಿ ಶುಭ ಕೋರುತ್ತದೆ, ಉರ್ದುವಿನ ದನಿ ಸಲಾಮ್ ಹೇಳಿ ಭೂಮಿಯಲ್ಲಿ ವಾಸಿಸುವವರ ಕಡೆಯಿಂದ ಮಾತಾಡುತ್ತದೆ. ನನ್ನ ಎರಡೂ ಭಾಷೆಗಳು ಸೌರಮಂಡಲದ ಆಚೆ ಒಂದೇ ತಟ್ಟೆಯಲ್ಲಿ ಕೂತು ಹೋಗುತ್ತಿವೆ. ಇಲ್ಲಿ ಕೆಳಗೆ ಯಾವ ಭಾಷೆ ಯಾರದು ಅಂತ ಜಗಳ ಕೇಳಿದಾಗಲೆಲ್ಲ ನನಗೆ ಆ ತಟ್ಟೆ ನೆನಪಾಗುತ್ತದೆ.

ಆದರೆ ಶುಭಾಶಯ ಕಳಿಸುವುದು ಒಂದು, ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಟೆಡ್ ಚಿಯಾಂಗ್ 1998ರಲ್ಲಿ ಬರೆದ ನೀಳ್ಗತೆ ‘ಸ್ಟೋರಿ ಆಫ್ ಯುವರ್ ಲೈಫ್’ ಇದನ್ನೇ ಕೈಗೆತ್ತಿಕೊಳ್ಳುತ್ತದೆ. 2016ರ ‘ಅರೈವಲ್’ ಸಿನಿಮಾ ಇದರಿಂದಲೇ ಬಂದದ್ದು. ನಾಯಕಿ ಲೂಯಿಸ್ ಬ್ಯಾಂಕ್ಸ್ ಭಾಷಾವಿಜ್ಞಾನಿ. ಸಿನಿಮಾದಲ್ಲಿ ಸೇನೆಯವರಿಗೆ ಒಂದೇ ಅವಸರ: ‘ನೀವು ಯಾಕೆ ಬಂದಿದ್ದೀರಿ?’ ಅಂತ ಕೇಳಿ ಹೇಳಿ. ಲೂಯಿಸ್ ಬೋರ್ಡಿನ ಮುಂದೆ ನಿಂತು ಅದನ್ನು ಬಿಡಿಸುತ್ತಾಳೆ. ಮೊದಲು ಪ್ರಶ್ನೆ ಅಂದರೇನು ಅಂತ ಅವರಿಗೆ ತಿಳಿದಿರಬೇಕು. ‘ನೀವು’ ಅಂದರೆ ಎದುರಿಗಿರುವ ಒಬ್ಬನಾ, ಇಡೀ ಗುಂಪಾ? ‘ಯಾಕೆ’ ಅನ್ನುವ ಯೋಚನೆ ಅವರಲ್ಲಿ ಇದೆಯಾ? ಹಾಗಾಗಿ ತನ್ನ ಹೆಸರಿನಿಂದ, ನಡೆಯುವುದು, ತಿನ್ನುವುದು ಇಂಥ ಪದಗಳಿಂದ ಶುರುಮಾಡುತ್ತಾಳೆ. ಪ್ರಾಥಮಿಕ ಶಾಲೆಯ ಟೀಚರುಗಳು ಎದ್ದು ನಿಂತು ಚಪ್ಪಾಳೆ ತಟ್ಟಬೇಕಾದ ದೃಶ್ಯ ಇದು.

ಮುಂದೆ ಎಲ್ಲವೂ ಕೆಡುವುದು ಒಂದು ಪದದಿಂದ. ಅವರು ಬರೆದದ್ದನ್ನು ‘ಆಯುಧ’ ಅಂತ ಓದಿದ ಕೂಡಲೇ ದೇಶಗಳು ಸೈನ್ಯ ಸಜ್ಜು ಮಾಡುತ್ತವೆ. ಅದಕ್ಕೆ ‘ಉಪಕರಣ’ ಅನ್ನುವ ಅರ್ಥವೂ ಇರಬಹುದು ಅಂತ ಅವಳು ಕೂಗುತ್ತಾಳೆ. ಎರಡು ಭಾಷೆಗಳ ನಡುವೆ ಬದುಕುವವರಿಗೆ ಈ ದಿಗಿಲು ಚೆನ್ನಾಗಿ ಗೊತ್ತು.

ಇನ್ನೊಂದು ಸೂಕ್ಷ್ಮ ನೋಡಿ. ಆ ಜೀವಿಗಳ ಬರಹ ಸಾಲಾಗಿ ಹೋಗುವುದಿಲ್ಲ, ಆದಿ ಅಂತ್ಯ ಒಟ್ಟಿಗೇ ಮೂಡುತ್ತವೆ, ಅವರ ಮನಸ್ಸಿನಲ್ಲಿ ನಿನ್ನೆ ನಾಳೆಗಳೂ ಒಟ್ಟಿಗೇ ಇರುತ್ತವೆ. ವಿಚಿತ್ರ ಅನಿಸಿತಾ? ಉರ್ದುವಿನಲ್ಲಿ ‘ಕಲ್’ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ಬಂದ ಮೇಲಷ್ಟೇ ಯಾವುದು ಅಂತ ತಿಳಿಯುತ್ತದೆ. ಹಾಗಂತ ಉರ್ದು ಮಾತಾಡುವವರಿಗೆ ಭವಿಷ್ಯ ಕಾಣುವುದಿಲ್ಲ! ಭಾಷೆ ಬದಲಾದರೆ ಇಡೀ ಮನಸ್ಸೇ ಬದಲಾಗುತ್ತದೆ ಅನ್ನುವುದನ್ನು ಭಾಷಾವಿಜ್ಞಾನಿಗಳು ಅಷ್ಟು ದೂರ ಒಪ್ಪುವುದಿಲ್ಲ, ಚಿಯಾಂಗ್ ಅದನ್ನು ಕತೆಗಾಗಿ ಎಳೆದಿದ್ದಾರೆ. ಆದರೆ ಒಂದು ಮಾತು ನಿಜ. ಇನ್ನೊಬ್ಬರ ಭಾಷೆಯನ್ನು ಮನಸಾರೆ ಕಲಿತವರು ಮೊದಲಿನಂತೆಯೇ ಉಳಿಯುವುದಿಲ್ಲ.

ಗೊತ್ತಾಗಲಿಲ್ಲ ಅನ್ನುವ ಧೈರ್ಯ

ಕೆಲವು ಕತೆಗಳು ಇನ್ನೂ ಮುಂದೆ ಹೋಗುತ್ತವೆ. ಪೋಲೆಂಡಿನ ಸ್ಟಾನಿಸ್ವಾವ್ ಲೆಮ್ 1961ರಲ್ಲಿ ‘ಸೊಲಾರಿಸ್’ ಬರೆದರು. ಅಲ್ಲಿ ಇಡೀ ಗ್ರಹವನ್ನು ಆವರಿಸಿದ ಸಮುದ್ರವೇ ಒಂದು ಜೀವಿ. ತಲೆಮಾರುಗಳ ಕಾಲ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ, ಗ್ರಂಥಾಲಯ ತುಂಬುವಷ್ಟು ಪುಸ್ತಕ ಬಂದಿವೆ, ಒಂದು ಮಾತೂ ದಕ್ಕಿಲ್ಲ. ಓದುವಾಗ ಸಿಟ್ಟು ಬರುತ್ತದೆ. ಆಮೇಲೆ ಇದು ಪ್ರಾಮಾಣಿಕತೆ ಅಂತ ಹೊಳೆಯುತ್ತದೆ.

ನಿಜವಾದ ವಿಜ್ಞಾನದಲ್ಲೂ ಈ ಸಂಯಮವಿದೆ. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್‌ಗೆ ಆಕಾಶದಿಂದ 1.3 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತ ಸಿಕ್ಕಿತು. ತಮಾಷೆಗೆ ಅದಕ್ಕೆ ‘ಪುಟ್ಟ ಹಸಿರು ಮನುಷ್ಯರು’ ಅಂತ ಹೆಸರಿಟ್ಟರು. ಆದರೆ ಪೇಪರಿಗೆ ಓಡಲಿಲ್ಲ, ಇನ್ನೊಂದು ದಿಕ್ಕಿನಲ್ಲೂ ಅಂಥದ್ದೇ ಇದೆಯಾ ಅಂತ ಹುಡುಕಿದರು. ಇತ್ತು. ಅದು ವೇಗವಾಗಿ ತಿರುಗುವ ನಕ್ಷತ್ರ, ಪಲ್ಸಾರ್. ಹಸಿರು ಮನುಷ್ಯರು ಸಿಗಲಿಲ್ಲ, ಹಾಗಂತ ಬೆರಗು ಕಡಿಮೆಯಾಯಿತಾ? ಹತ್ತೇ ವರ್ಷದಲ್ಲಿ ವಾಯೇಜರ್ ಮುಚ್ಚಳದ ಮೇಲೆ ನಮ್ಮ ಸೂರ್ಯನ ವಿಳಾಸ ಬರೆದದ್ದು 14 ಪಲ್ಸಾರ್‌ಗಳನ್ನು ಗುರುತು ಮಾಡಿಕೊಂಡೇ.

ಪುಣೆಯಲ್ಲಿರುವವರಿಗೆ ಇಂಥ ಜಾಗ ದೂರವೇನಿಲ್ಲ. ಊರಿನಿಂದ ಸುಮಾರು 80 ಕಿಲೋಮೀಟರ್, ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ, 45 ಮೀಟರ್ ಅಗಲದ 30 ಬುಟ್ಟಿಗಳು ಆಕಾಶಕ್ಕೆ ಕಿವಿಕೊಟ್ಟು ಹೊಲಗಳ ನಡುವೆ ನಿಂತಿವೆ. ಅದೇ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕ. ವಾಯೇಜರ್ ಮುಚ್ಚಳದ ಮೇಲಿರುವ ಆ ಹೈಡ್ರೋಜನ್ನಿನ ದನಿಯನ್ನೂ ಅದು ಕೇಳುತ್ತದೆ, ಪಲ್ಸಾರ್‌ಗಳನ್ನೂ ಕೇಳುತ್ತದೆ.

ಇದರಿಂದ ನಮಗೇನು?

‘ಇಲ್ಲಿ ನೂರೆಂಟು ಕಷ್ಟ, ಆಕಾಶದ ಕತೆ ಯಾಕೆ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಒಂದು ಚಿಕ್ಕ ಪದ ಸಾಕು: ‘ನಾವು’. ಪುಣೆಯಲ್ಲಿ ಮರಾಠಿ ಕಲಿತವರಿಗೆ ಗೊತ್ತು, ಅಲ್ಲಿ ಇದಕ್ಕೆ ಎರಡು ಪದ. ‘ಆಮ್ಹಿ’ ಅಂದರೆ ಎದುರಿಗಿರುವವನನ್ನು ಬಿಟ್ಟು ನಾವು, ‘ಆಪಣ್’ ಅಂದರೆ ಅವನನ್ನೂ ಸೇರಿಸಿಕೊಂಡು ನಾವು. ಹೈದರಾಬಾದಿನ ತೆಲುಗಿನಲ್ಲಿ ‘ಮೇಮು’, ‘ಮನಂ’. ನಮ್ಮ ಇವತ್ತಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಅದರೊಳಗೆ ಯಾರನ್ನು ಸೇರಿಸುತ್ತೀವಿ ಅಂತ ಪ್ರತಿ ಸಲವೂ ನಾವೇ ತೀರ್ಮಾನಿಸಬೇಕು.

ಮೊದಲ ಭೇಟಿಯ ಒಳ್ಳೆಯ ಕತೆ ಆ ತೀರ್ಮಾನಕ್ಕೆ ಅವಸರ ಮಾಡುವುದಿಲ್ಲ. ಗೆಳೆಯ, ಶತ್ರು ಅಂತ ಮುದ್ರೆ ಒತ್ತುವ ಮೊದಲು ಅಳೆ, ಕೇಳು, ನಿನ್ನ ಅನುವಾದವನ್ನೇ ಅನುಮಾನಿಸು ಅನ್ನುತ್ತದೆ. ಏಳು ಕಾಲಿನ ಜೀವಿಗೆ ಅಷ್ಟು ತಾಳ್ಮೆ ತೋರಿಸಲು ಕಲಿತ ಓದುಗ, ಫೋನಿನಲ್ಲಿ ಒಂದು ಹೆಸರು ಕೇಳಿದಾಗ ಅಷ್ಟು ಬೇಗ ಮೌನವಾಗಲಾರ ಅಂತ ನನ್ನ ಆಸೆ. ಖಾತ್ರಿ ಕೊಡಲಾರೆ, ಕತೆಗಳು ಅಷ್ಟೆಲ್ಲ ಕೆಲಸ ಮಾಡುತ್ತವೆ ಅಂತ ಯಾರೂ ಹೇಳಲಾರರು. ಆದರೆ ಅಭ್ಯಾಸ ಅಂತೂ ಆಗುತ್ತದೆ.

ಎಲ್ಲಿಂದ ಶುರುಮಾಡಬೇಕು? ಮನೆಯವರೆಲ್ಲ ಕೂತು ನೋಡಲು ‘ಕಾಂಟ್ಯಾಕ್ಟ್’, ಆಮೇಲೆ ‘ಅರೈವಲ್’. ಓದುವ ಅಭ್ಯಾಸವಿದ್ದರೆ ಮೊದಲು ರಾಮ, ಆಮೇಲೆ ಚಿಯಾಂಗ್, ತಾಳ್ಮೆ ಬಂದ ಮೇಲೆ ಸೊಲಾರಿಸ್. ಮರಾಠಿ ಬರುವವರು ಖಗೋಳವಿಜ್ಞಾನಿ ಜಯಂತ ನಾರಳೀಕರ್ ಅವರ ಕತೆಗಳನ್ನು ಹುಡುಕಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವಿಜ್ಞಾನ ಕತೆಗಳ ದಾರಿ ತೆರೆದವರಲ್ಲಿ ಒಬ್ಬರು, ಆ ದಾರಿಯಲ್ಲಿ ಇನ್ನೂ ಬಹಳ ಜನಕ್ಕೆ ಜಾಗವಿದೆ. ಮಕ್ಕಳ ಜೊತೆ ಓದುವುದಾದರೆ ಒಂದು ಕೆಲಸ ಮಾಡಿ: ಪುಸ್ತಕ ಮುಚ್ಚಿಟ್ಟು, ‘ಎಣಿಸಲು ಮಾತ್ರ ಬರುವ, ನಮ್ಮ ಭಾಷೆ ಬಾರದ ಒಬ್ಬರಿಗೆ ನಮ್ಮ ಮನೆಯ ಬಗ್ಗೆ ಏನು ಹೇಳ್ತೀಯಾ?’ ಅಂತ ಕೇಳಿ. ಅವರು ಯೋಚಿಸುವಷ್ಟು ಹೊತ್ತು ನೀವು ಮಾತಾಡಬೇಡಿ.